ಹುಣಸೆ ಕಡ್ಡಿಯ ಇದ್ದಿಲು

ಓಓಡಿ ಕಾಗದ ಜೇಬಿನಲ್ಲಿ, ಬುತ್ತಿ ಕೈಯಲ್ಲಿ,
ಮಂಡ್ಯದಲ್ಲಿ ಬೆಳಗಿನ ಪ್ಯಾಸೆಂಜರು ಹತ್ತಿ
ಮೈಸೂರಲ್ಲಿ ಇಳಿದೆವು, ಡ್ರಾಯಿಂಗ್ ಮಾಸ್ತರರು.
ಐದು ದಿನದ ತರಬೇತಿ. ಸಹಿ ಎರಡು ಹೊತ್ತು.
ತರಬೇತಿಯೆಂದರೆ ನಮಗೆ ಗೊತ್ತಿದ್ದದ್ದು
ಒಬ್ಬರು ಓದುವುದು, ಮೂವತ್ತು ಜನ ಆಕಳಿಸುವುದು,
ಕೊನೆಗೆ ಟೀ, ಬಿಸ್ಕತ್ತು, ಗ್ರೂಪ್ ಫೋಟೊ.

ಇಲ್ಲಿ ಕುರ್ಚಿಯೇ ಇರಲಿಲ್ಲ.
ಒಂಟಿಕೊಪ್ಪಲಿನ ಹಳೆ ಹೆಂಚಿನ ಶೆಡ್ಡು,
ನೆಲಕ್ಕೆ ಗೋಣಿತಾಟು, ಮೂಲೆಯಲ್ಲಿ ಒದ್ದೆ ಜೇಡಿ,
ಅಗಸೆ ಎಣ್ಣೆಯ ವಾಸನೆ.
ಸೆರಗು ಬಿಗಿದು ಸಿಕ್ಕಿಸಿದ ವಿಮಲಾಕ್ಷಿ ಮೇಡಂ
“ಎಲ್ಲಿ, ಕೈ ತೋರಿಸಿ” ಅಂದರು,
ಸೋಮವಾರ ನಾವು ಮಕ್ಕಳ ಉಗುರು ನೋಡುವ ಹಾಗೆ.
ನಲವತ್ತೆಂಟರ ನಾನು ಎರಡೂ ಕೈ ಚಾಚಿದೆ.
ಉಗುರಲ್ಲಿ ಬಣ್ಣ ಇರಲಿಲ್ಲ.

ಎಲ್ಲಿಂದ ಬರಬೇಕು?
ಇಪ್ಪತ್ತೆರಡು ವರ್ಷದಲ್ಲಿ ಈ ಕೈ ಬರೆದದ್ದು
ಗೋಡೆಯ ಮೇಲೆ ಬಿಸಿಯೂಟದ ಮೆನು,
ಮತಗಟ್ಟೆಯ ಸಂಖ್ಯೆ, ಬಾಣದ ಗುರುತು,
ಸಾಹೇಬರು ಬರುವ ದಿನ ನೆರಳಕ್ಷರದಲ್ಲಿ ಸುಸ್ವಾಗತ.
ಗಣಿತದವರು ರಜೆ ಹಾಕಿದರೆ ಅವರ ಪೀರಿಯಡ್ಡು ನನ್ನದು;
ನಾನು ರಜೆ ಹಾಕಿದರೆ ನನ್ನದು ಯಾರದೂ ಅಲ್ಲ.

ಮೊದಲ ದಿನ ಬರೆಯಲಿಲ್ಲ, ಸುಟ್ಟೆವು.
ಹುಣಸೆಯ ಎಳೆ ಕಡ್ಡಿ, ಸಿಪ್ಪೆ ಹೆರೆದು, ಗೇಣುದ್ದ ಕತ್ತರಿಸಿ
ಪೇಂಟಿನ ಖಾಲಿ ಡಬ್ಬಕ್ಕೆ ಒತ್ತೊತ್ತಿ ತುಂಬಿ
ಮುಚ್ಚಳಕ್ಕೆ ಮೊಳೆಯಷ್ಟು ತೂತು ಬಿಟ್ಟು, ಸುತ್ತ ಜೇಡಿ ಮೆತ್ತಿ
ಕೆಂಡದಲ್ಲಿಟ್ಟು ಕೂತೆವು.
“ಒಳಗೆ ಗಾಳಿ ಹೋದರೆ ಬೂದಿ, ಹೋಗದಿದ್ದರೆ ಇದ್ದಿಲು.
ಇವತ್ತಿಗೆ ಇಷ್ಟೇ” ಅಂದರು ಮೇಡಂ.
ಮಳವಳ್ಳಿಯ ಸಿದ್ದಲಿಂಗಸ್ವಾಮಿ ತಾಳಲಾರದೆ
ನಡುವೆಯೇ ಮುಚ್ಚಳ ಎತ್ತಿ ನೋಡಿದ.
ಅವನ ಪಾಲಿಗೆ ಬೂದಿ. ನಕ್ಕೆವು.
ಹುಣಸೂರಿನ ನಸೀಮಾ ಬಾನು ಮಾತ್ರ ನಗದೆ
ತಮ್ಮದರಲ್ಲಿ ಅರ್ಧ ಅವನ ಮುಂದೆ ಸುರಿದರು.
ನನ್ನದೊಂದು ಕಡ್ಡಿಯನ್ನು ಉಗುರಿಂದ ತಟ್ಟಿದೆ:
ಗಾಜಿನ ಬಳೆಯಂತೆ ಟಿಣ್ಣೆಂದಿತು.

ಎರಡನೆಯ ದಿನ ಹಾಳೆ ನೋಡುವಂತಿಲ್ಲ.
ಎಡಗೈ ನೋಡುತ್ತ ಬಲಗೈಯಲ್ಲಿ ಬರೆಯಬೇಕು.
ಕಣ್ಣು ಇರುವೆಯಾಗಿ ಬೆರಳ ಅಂಚಲ್ಲಿ ನಡೆಯಬೇಕು,
ಇರುವೆ ನಿಂತರೆ ಇದ್ದಿಲೂ ನಿಲ್ಲಬೇಕು.
ಬಂದದ್ದು ಕೈಯಲ್ಲ, ಶುಂಠಿ.
ಆದರೆ ಹೆಬ್ಬೆರಳ ಬುಡದಲ್ಲಿ,
ಎಂಟು ವರ್ಷದವನಿದ್ದಾಗ ಕಬ್ಬು ಸವರಲು ಹೋಗಿ ತಾಗಿದ ಮಚ್ಚಿನ ಗಾಯ
ಅದರ ಜಾಗದಲ್ಲೇ ಕೂತಿತ್ತು.
ಅದನ್ನು ಬರೆಯುವ ಯೋಚನೆ ನನಗಿರಲಿಲ್ಲ.

ಮೂರನೆಯ ದಿನ, “ನಿಮ್ಮೂರು ಬರೆಯಿರಿ. ಅರ್ಧ ಗಂಟೆ.”
ಮೂವತ್ತು ಹಾಳೆ ಗೋಡೆಗೆ ಹಚ್ಚಿದೆವು.
ಹದಿನೇಳರಲ್ಲಿ ಎರಡು ಬೆಟ್ಟ, ನಡುವೆ ಸೂರ್ಯ,
ಬೆಟ್ಟದಿಂದ ಇಳಿದ ಹೊಳೆ, ಒಂಟಿ ತೆಂಗು,
ಟಿಕ್ ಮಾರ್ಕಿನಂಥ ಹಕ್ಕಿಗಳು.
ನನ್ನದೂ ಅದರಲ್ಲೊಂದು.
“ಕೊತ್ತತ್ತಿಯಲ್ಲಿ ಬೆಟ್ಟ ಎಲ್ಲಿದೆ?”
ಬೈಗುಳವಲ್ಲ, ತಿಳಿಯಲಿಕ್ಕೆ ಕೇಳಿದರು.
ಎಲ್ಲಿದೆ? ನಾಲೆ ಇದೆ, ಗದ್ದೆ ಇದೆ,
ತಲೆಯೆತ್ತಿದರೆ ಆಲೆಮನೆಯ ಹೊಗೆ ಇದೆ.
ಬೆಟ್ಟ ನಮ್ಮ ಮೇಷ್ಟ್ರದು.
ಅವರಿಗೆ ಅವರ ಮೇಷ್ಟ್ರದು.

ಆಗ ನೆನಪಾಯಿತು ಮಾದಲಾಂಬಿಕ.
ಏಳನೇ ಕ್ಲಾಸು, ಆಲೆಮನೆ ಒಲೆಗೆ ಸೋಗೆ ಒಟ್ಟುವವನ ಮಗಳು.
ಹಾಳೆ ತುಂಬ ಒಂದೇ ಒಂದು ಸುತ್ತು,
ಒಳಗೆ ಕಂದು, ಕಪ್ಪು, ಅದರ ಮೇಲೆ ಹಳದಿ ಗುಳ್ಳೆ.
“ಇದೇನೇ, ದೋಸೆ ಹಂಚಾ?”
“ಕೊಪ್ಪರಿಗೆ ಸಾರ್. ಬಗ್ಗಿ ನೋಡುದ್ರೆ ಇಂಗೇ ಕಾಣದು.”
ಅಳಿಸು, ಅಂದೆ. ಬೆಟ್ಟ ಬರಿ.
ಕ್ರೇಯಾನು ಅಳಿಯದು. ಹಾಳೆ ಹರಿಯಿತು.
ಹೊಸ ಹಾಳೆಯಲ್ಲಿ ಎರಡು ಬೆಟ್ಟ ಬರೆದಳು, ಅಚ್ಚುಕಟ್ಟಾಗಿ.
ಇಪ್ಪತ್ತೈದಕ್ಕೆ ಇಪ್ಪತ್ತಮೂರು ಕೊಟ್ಟಿದ್ದೆ.

ಉಳಿದೆರಡು ದಿನ ಜೇಡಿ ತುಳಿದೆ, ಮರದ ಅಚ್ಚು ಕೆತ್ತಿದೆ,
ಊಟದಲ್ಲೂ ಹೆಚ್ಚು ಮಾತಾಡಲಿಲ್ಲ.
ಸರ್ಟಿಫಿಕೇಟಿನ ಮೂಲೆಗೆ ಹೆಬ್ಬೆಟ್ಟಿನ ಮಸಿ ಹತ್ತಿತು,
ಒರೆಸಿದಷ್ಟೂ ಹರಡಿತು.

ಸೋಮವಾರ ಪ್ರಾರ್ಥನೆ ಮುಗಿದು ಉಗುರು ನೋಡುತ್ತ ಬಂದೆ.
ಈಗ ಅವಳು ಎಂಟನೇ ಕ್ಲಾಸು. ಕೈ ಚಾಚಿದಳು.
ತನ್ನದಲ್ಲ, ನನ್ನ ಕೈ ನೋಡಿದಳು.
“ಆಲೆಮನೆಗೆ ಹೋಗಿದ್ರಾ ಸಾರ್?”

ಇಲ್ಲ ಕಣವ್ವ, ಅಂದೆ.
ಇನ್ನೇನೋ ಹೇಳುವುದಿತ್ತು.
ಬೆಲ್ಲು ಹೊಡೆಯಿತು.
ಗಣಿತದವರು ರಜೆ.