ಬೆನ್ನಿಗೆ ಬೆನ್ನು

ಫೋನಿನಲ್ಲಿ ಹೆಸರು ಹೇಳಿದೆ: ಓಬಳಾ.
ಏಜೆಂಟನ ಕಿವಿಗೆ ಅದು ಓ-ಬಾಲಾ ಎಂದು ಬಿದ್ದು
ಐರ್ಲೆಂಡಿನ ಹೆಂಗಸೆಂದು ನಂಬಿ
ಶನಿವಾರ ಹನ್ನೊಂದಕ್ಕೆ ಬನ್ನಿ ಅಂದ.
ಬಂದವಳ ಮುಖ ನೋಡಿದ,
ಕೈಯಲ್ಲಿದ್ದ ಕಾಗದ ನೋಡಿದ, ಮತ್ತೆ ಮುಖ.
ತಪ್ಪು ನನ್ನದಲ್ಲ, ಹೆಸರಿಟ್ಟ ಅಜ್ಜಿಯದು.

ಲೀಡ್ಸಿನ ಈ ಕಡೆ, ಹೇರ್‌ಹಿಲ್ಸಿನಲ್ಲಿ,
ಕೆಂಪಿಟ್ಟಿಗೆಯ ಬೀದಿಗಳು ಬಾಚಣಿಗೆಯ ಹಲ್ಲಿನಷ್ಟು ಒತ್ತು.
ಒಂದು ಮನೆಯ ಬೆನ್ನಿಗಂಟಿ ಇನ್ನೊಂದು ಮನೆಯ ಬೆನ್ನು.
ಹಿತ್ತಿಲಿಲ್ಲ, ಹಿತ್ತಿಲ ಬಾಗಿಲಿಲ್ಲ.
ನಾಲ್ಕರಲ್ಲಿ ಮೂರು ಗೋಡೆ ಪರರ ಜೊತೆ ಪಾಲು;
ಉಳಿದ ಒಂದರಲ್ಲೇ ಬಾಗಿಲು, ಬೆಳಕು, ಅಂಚೆ,
ಎದುರಿಗೆ ಕಸದ ಡಬ್ಬ.
ಗೋಡೆಗೂ ಕಿವಿಯುಂಟು ಅನ್ನುತ್ತಾರೆ ನಮ್ಮಲ್ಲಿ.
ಎಣಿಸಿದೆ: ಇಲ್ಲಿ ಆರು ಕಿವಿ.

ಇದು ನಾನು ನೋಡಿದ ಹದಿನಾಲ್ಕನೆಯದು.
ಒಂದು, ಬಸ್ಸು ಇಳಿಯುವಷ್ಟರಲ್ಲಿ ಹೋಗಿಬಿಟ್ಟಿತ್ತು.
ಒಂದರಲ್ಲಿ ಒಲೆಯ ಪಕ್ಕ ಸ್ನಾನದ ತೊಟ್ಟಿ.
ಒಂದರ ಒಡತಿ ಕೇಳಿದಳು, ಮಸಾಲೆ ಹುರಿಯುತ್ತೀಯಾ?
ಇಲ್ಲ ಅಂದೆ.
ಸುಳ್ಳೆಂದು ಅವಳಿಗೂ ತಿಳಿಯಿತು, ಕೋಟಿನ ತೋಳು ಹೇಳಿರಬೇಕು.

ಇಲ್ಲಿ ಮಹಡಿಯ ಮೂಲೆಯಲ್ಲಿ ಕಪ್ಪಗೆ ಬೂಷ್ಟು.
ನೆರಳು, ಅಂದ ಏಜೆಂಟ್.
ಪರದೆ ಎಳೆದೆ, ದೀಪ ಹಾಕಿದೆ,
ಹೋಗಲಿಲ್ಲ ಆ ನೆರಳು.
ತಿಂಗಳಿಗೆ ಆರುನೂರ ಎಪ್ಪತ್ತು ಪೌಂಡು.
ನೂರಹತ್ತರಿಂದ ಗುಣಿಸುವ ಚಟ ಇನ್ನೂ ಬಿಟ್ಟಿರಲಿಲ್ಲ,
ಗುಣಿಸಿ, ಗೋಡೆ ಹಿಡಿದುಕೊಂಡೆ.

ಆಮೇಲೆ ಬಂತು ಪ್ರಶ್ನೆ: ಗ್ಯಾರಂಟರ್ ಯಾರು?
ಒಳಗೊಳಗೇ ಕನ್ನಡಕ್ಕೆ ತಿರುಗಿಸಿಕೊಂಡೆ. ಜಾಮೀನು.
ಕದ್ದವರಿಗೆ, ಬಡಿದಾಡಿದವರಿಗೆ ಕೇಳುವ ಮಾತು ಅದು ಊರಲ್ಲಿ.
ನಾನೇನು ಮಾಡಿದೆ?
ಬಂದೆ, ಅಷ್ಟೆ.

ಅಪ್ಪ ಒಮ್ಮೆ ನಿಂತಿದ್ದ ಜಾಮೀನು,
ಷಡ್ಡಕನ ಲಾರಿಗೆ.
ಲಾರಿ ಹೋಯಿತು, ಷಡ್ಡಕನೂ ಹೋದ,
ಉಳಿದದ್ದು ಅಪ್ಪನ ಸಹಿ.
ಅದರ ಕಂತು ಕಟ್ಟಿ ಮುಗಿಸಿದ್ದು ನಾನು,
ದಾವಣಗೆರೆಯ ನೈಟ್ ಡ್ಯೂಟಿಗಳಲ್ಲಿ.

ಇಲ್ಲಿ ನನ್ನ ಬಲ್ಲವರೆಂದರೆ
ಹನ್ನೆರಡನೆಯ ವಾರ್ಡಿನ ರೋಗಿಗಳು, ಅವರೂ ವಾರಕ್ಕೊಮ್ಮೆ ಬದಲು.
ಮಾರಿವಿಕ್ ಕೇಳಿದಳು ಕ್ಯಾಂಟೀನಿನಲ್ಲಿ, ಏನದು ಕಾಗದ?
ಸೆಬುವಿನಿಂದ ಬಂದು ಹದಿನೇಳು ವರ್ಷ,
ಬ್ರಾಮ್ಲಿಯಲ್ಲಿ ಸ್ವಂತ ಮನೆ, ಅರ್ಧ ಇನ್ನೂ ಬ್ಯಾಂಕಿನದು.
ಮೊಟ್ಟೆ ತಿನ್ನುತ್ತ ನಾಲ್ಕೂ ಪುಟ ಓದಿದಳು,
ನಾನು ಓದದ ಸಣ್ಣಕ್ಷರವನ್ನೂ.
ನಾವಾಗ ನಾಲ್ಕು ಜನಕ್ಕೆ ಒಂದು ಮಂಚ, ಅಂದಳು,
ಎದ್ದವಳ ಬಿಸಿಯಲ್ಲೇ ಬಂದವಳು ಮಲಗುವುದು.
ಕೈ ಒರೆಸಿ ಸಹಿ ಹಾಕಿದಳು,
ಬಾಡಿಗೆ ತಪ್ಪಿಸಿದರೆ ಕಿವಿ ಹಿಂಡುತ್ತೇನೆ ಅಂದಳು.
ಲಾರಿಯ ಕಥೆ ಅವಳಿಗೆ ಹೇಳಲಿಲ್ಲ ನಾನು.

ಕೀಲಿಕೈ ಬಂತು. ಪಟ್ಟಿಯೂ ಬಂತು:
ಕುರ್ಚಿ ಎರಡು, ಒಂದರ ಕಾಲು ಸಡಿಲ.
ಜಮಖಾನೆಯಲ್ಲಿ ಸುಟ್ಟ ಗುರುತು, ಇಸ್ತ್ರಿಯದು.
ನೆರಳಿನ ಮಾತು ಪಟ್ಟಿಯಲ್ಲಿಲ್ಲ,
ಪೆನ್ನು ತೆಗೆದು ನಾನೇ ಬರೆದೆ: ಬೂಷ್ಟು, ನನಗಿಂತ ಮೊದಲಿನದು.

ಜನವರಿಯ ಒಂದು ರಾತ್ರಿ ಪಾಳಿ ಮುಗಿಸಿ ಬಂದರೆ
ಮೀಟರಿನಲ್ಲಿ ಸೊನ್ನೆ.
ದುಡ್ಡು ತುಂಬಿಸುವ ಅಂಗಡಿ ಮುಚ್ಚಿತ್ತು.
ಬಾಯಿಂದ ಹೊಗೆ, ಮನೆಯೊಳಗೇ.
ಕೋಟು ಬಿಚ್ಚದೆ ಹಿಂದಿನ ಗೋಡೆಗೆ ಒರಗಿ ಕೂತೆ,
ಕೂತ ಮೇಲೆ ಗೊತ್ತಾಯಿತು
ಗೋಡೆ ಬೆಚ್ಚಗಿದೆ.

ಆಚೆ ಯಾರೋ. ಅವರ ಬಾಗಿಲು ಇನ್ನೊಂದು ಬೀದಿಗೆ,
ಆ ಬೀದಿಯ ಹೆಸರು ಕೂಡ ತಿಳಿಯದು ನನಗೆ.
ಕೆಮ್ಮು. ಒಣ ಕೆಮ್ಮಲ್ಲ, ಕಫ ಕಟ್ಟಿದ್ದು,
ವಯಸ್ಸು ಎಪ್ಪತ್ತರ ಮೇಲೆ.
ಮಲಗಬೇಡಿ, ಎದ್ದು ಒರಗಿ ಕೂರಿ, ಅಂದೆ
ಕನ್ನಡದಲ್ಲೇ, ಗೋಡೆಗೆ.
ಸ್ವಲ್ಪ ಹೊತ್ತಿಗೆ ಏನನ್ನೋ ಎಳೆದ ಸದ್ದು,
ಧಪ್ಪೆಂದು ಒಂದು ಬೆನ್ನು,
ನನ್ನ ಬೆನ್ನಿನ ನೇರಕ್ಕೇ ಇರಬೇಕು.

ಬೆಳಿಗ್ಗೆ ಹತ್ತು ಪೌಂಡು ತುಂಬಿಸಿದೆ.
ಒಲೆ ಹತ್ತಿತು. ಎಣ್ಣೆ, ಸಾಸಿವೆ, ಎರಡು ಒಣಮೆಣಸಿನಕಾಯಿ.
ಗೋಡೆಯಾಚೆ ಯಾರೋ ಸೀನಿದರು.