ಗಾಜಿನ ಬಾಟಲಿ, ಪ್ಲಾಸ್ಟಿಕ್ ಮುಚ್ಚಳ

ಬೆಂಕಿ ಆರಿಸಲೆಂದು ನೌಕರಿಗೆ ಸೇರಿದವನು ನಾನು.
ಮಂಗಳವಾರ ಮಾತ್ರ
ಕೆಂಪು ವ್ಯಾನಿನಲ್ಲಿ ಹಾಲು ತರುತ್ತೇನೆ.

ನಮ್ಮ ರೆಸೀಫೆಯಲ್ಲಿ ಅದು ಹಾಗೆಯೇ:
ಮಿಕ್ಕ ಎದೆಹಾಲನ್ನು ತಾಯಂದಿರು
ಕಾಫಿಪುಡಿಯ ಖಾಲಿ ಬಾಟಲಿಗೆ ಹಿಂಡಿ
ಮಂಜುಗಟ್ಟಿಸಿ ಇಡುತ್ತಾರೆ;
ಬೂಟುಗಾಲಿನ ನಾವು ಹೋಗಿ, ಕದ ತಟ್ಟಿ,
ಐಸಿನ ಪೆಟ್ಟಿಗೆಯಲ್ಲಿ ಆಸ್ಪತ್ರೆಗೆ ಒಯ್ಯುತ್ತೇವೆ.
ದಿನ ತುಂಬದೆ ಬಂದ ಕೂಸುಗಳಿವೆ ಅಲ್ಲಿ,
ನನ್ನ ಕೈಗವಸಿನಲ್ಲಿ ಮಲಗಿಸಬಹುದಾದಷ್ಟೇ.

ಜುಸಿಲೇನಿಯ ಮನೆಗೆ ನೂರ ಹನ್ನೆರಡು ಮೆಟ್ಟಿಲು.
ಮೊದಲ ಸಲ ಹತ್ತಿ, ಏದುಸಿರು ಬಿಡುತ್ತ,
ಮಾತಿಗೆಂದು ಕೇಳಿದೆ: ಗಂಡೋ, ಹೆಣ್ಣೋ?
ಒಳಗೆ ತೊಟ್ಟಿಲಿರಲಿಲ್ಲ.
ಅದಿದ್ದ ಜಾಗದಲ್ಲಿ ನೆಲದ ಬಣ್ಣ
ಒಂದು ಚೌಕದಷ್ಟು ಹೊಸತು.
"ಗಂಡು," ಅಂದಳು. "ಹತ್ತೊಂಬತ್ತು ದಿನ ಇದ್ದ."

ಹಾಲಿಗೆ ಸುದ್ದಿ ಮುಟ್ಟಿರಲಿಲ್ಲ.
ಮೂರು ತಾಸಿಗೊಮ್ಮೆ ಬರುತ್ತಲೇ ಇತ್ತು,
ರಾತ್ರಿ ಎರಡಕ್ಕೆ, ಐದಕ್ಕೆ,
ಯಾರೋ ಅತ್ತರೆಂಬಂತೆ.
ಪಕ್ಕದ ಮನೆಯ ದೋನಾ ಜೆಫಾ ಎಲೆಕೋಸು ತಂದಳಂತೆ:
ತಣ್ಣನೆ ಎಲೆ ಕಟ್ಟಿಕೋ ಮಗಳೇ, ನಾಲ್ಕು ದಿನಕ್ಕೆ ಬತ್ತುತ್ತೆ.
ಕೋಸಿನ ಸಾರು ಮಾಡಿದಳು ಜುಸಿಲೇನಿ,
ಜೆಫಾಗೂ ಒಂದು ಬಟ್ಟಲು ಕೊಟ್ಟಳು.
ಅದೇ ಒಲೆಯ ಮೇಲೆ ಬಾಟಲಿ ಕುದಿಯಲಿಟ್ಟಳು,
ಹದಿನೈದು ನಿಮಿಷ, ಗಡಿಯಾರ ನೋಡಿ.

ಮಣ್ಣಿಗೆ ಸುರಿಯಬಹುದಿತ್ತು.
ಸ್ನಾನದ ನೀರಿನ ಜೊತೆ ಹೋಗಲೆಂದು ಬಿಡಬಹುದಿತ್ತು.
"ಬಂದದ್ದು ಅವನಿಗೆಂದು. ಅವನೇ ಇಲ್ಲದ ಮೇಲೆ
ಅದು ನಂದು ಅಂತ ಹೇಗನ್ನಲಿ?"

ಬಾಟಲಿಯ ಮೇಲೊಂದು ಚೀಟಿ: ಹೆಸರು, ತಾರೀಖು, ಹೊತ್ತು.
ಆಸ್ಪತ್ರೆಯಲ್ಲಿ ಅದನ್ನು ಕಿತ್ತು ನಂಬರು ಅಂಟಿಸುತ್ತಾರೆ.
ಆಮೇಲೆ ಕಾಯಿಸಿ, ತಣಿಸಿ, ಅಳೆದು,
ಒಂದು ಮಿಲಿ, ಎರಡು ಮಿಲಿ,
ದಾರದಂಥ ನಳಿಕೆಯಲ್ಲಿ ಇಳಿಯುತ್ತದೆ
ಇನ್ನೂ ಹೆಸರಿಡದವರ ಹೊಟ್ಟೆಗೆ.
ಹಾಲಿನ ಋಣ ಎನ್ನುತ್ತಾರಲ್ಲ,
ತೀರಿಸೋಣವೆಂದರೂ ವಿಳಾಸವಿಲ್ಲ.

ಒಂದು ಮಂಗಳವಾರ ನನಗೇ ತಡೆಯಲಾಗಲಿಲ್ಲ.
ಕಿಟಕಿ ಪಕ್ಕದ ಗಾಜಿನ ಪೆಟ್ಟಿಗೆಯ ಹುಡುಗಿ,
ಎಂಟುನೂರು ಗ್ರಾಮಿನವಳು,
ತಾಯಿಯ ಕಂಕುಳೇರಿ ಮನೆಗೆ ಹೋದಳೆಂದು
ನರ್ಸು ಹೇಳಿದ್ದಳು.
ಮೆಟ್ಟಿಲು ಹತ್ತುತ್ತಲೇ ಮಾತು ಜೋಡಿಸಿಕೊಂಡೆ.
ಬಾಯಿ ತೆರೆದದ್ದೇ ತಡ, ಜುಸಿಲೇನಿ
ಒದ್ದೆ ಕೈ ಎತ್ತಿ ನಿಲ್ಲಿಸಿದಳು:
"ಬೇಡ, ವಾಲ್ದೆಮೀರ್. ಗೊತ್ತಾದರೆ
ಬೀದಿಯಲ್ಲಿ ಕಂಡ ಕೂಸುಗಳ ಮುಖವೆಲ್ಲ
ಹುಡುಕುತ್ತಾ ನಿಲ್ತೀನಿ.
ಹಿಡಿ, ಐಸು ಕರಗುತ್ತೆ."

ನುಂಗಿಕೊಂಡು ಇಳಿದೆ, ನೂರ ಹನ್ನೆರಡು.
ಆ ಮಾತು ಇನ್ನೂ ಗಂಟಲಲ್ಲೇ ಇದೆ.

ಜೂನಿನಲ್ಲಿ, ಸಂತ ಜುವಾಂವನ ಹಬ್ಬಕ್ಕೆ
ಮನೆಮನೆಯ ಮುಂದೆ ಸೌದೆ ಒಟ್ಟುವ ವಾರ,
ಹಾಲು ನಿಂತಿತು. ಯಾರೂ ನಿಲ್ಲಿಸಲಿಲ್ಲ, ತಾನೇ.
ನಾಲ್ಕು ಖಾಲಿ ಬಾಟಲಿ ಕೊಟ್ಟಳು,
ತೊಳೆದು ಕುದಿಸಿ ಬೋರಲು ಹಾಕಿ ಒಣಗಿಸಿದ್ದು.
"ಒಂದರ ಮುಚ್ಚಳ ಸಡಿಲ. ನೋಡಿ ಕೊಡು."
ಮೇಲೆ, ಮೆಕ್ಕೆಜೋಳದ ಸಿಪ್ಪೆಯಲ್ಲಿ ಕಟ್ಟಿದ
ಬಿಸಿ ಸಿಹಿಕಡುಬು ಒಂದು, ನನಗೆ.
ಜೇಬು ತಡಕಿದೆ:
ವ್ಯಾನಿನ ಕೀಲಿ, ರಸೀದಿ ಪುಸ್ತಕ.
ತಲೆ ಎತ್ತುವಷ್ಟರಲ್ಲಿ ಕದ ಹಾಕಿತ್ತು.

ಆ ರಾತ್ರಿ ಏಳು ಕಡೆ ಬೆಂಕಿ ಆರಿಸಿದೆವು.

ಮೂರು ಬಾಟಲಿ ಮೂರು ಮನೆ ಸೇರಿವೆ.
ಸಡಿಲ ಮುಚ್ಚಳದ್ದು ಮಾತ್ರ ನನ್ನ ಸೀಟಿನ ಕೆಳಗಿದೆ,
ಪ್ರತಿ ತಿರುವಿನಲ್ಲೂ ಟಣ್ಣೆನ್ನುತ್ತದೆ.
ಕೊಡಬೇಕು.
ಮುಂದಿನ ಮಂಗಳವಾರ, ಯಾರಿಗಾದರೂ.