ಒಂದು ಕಿಲೋ ಹೆಚ್ಚು

ಥಿಯಾರೋಯ್ ಕಡಲದಂಡೆ, ಮೀನಿಗೆ ಹೊಗೆ ಹಾಕುವ ಒಲೆಗಳ ಸಾಲು,
ಅದರ ಗಾಳಿಮುಖಕ್ಕೆ ನನ್ನ ತೂಕದ ಯಂತ್ರ.
ಮರಳಲ್ಲಿ ಹೂತ ಹಲಗೆ, ಹಲಗೆಯ ಮೇಲೆ ಅದು,
ಅದರ ಮೇಲೆ ನೀವು. ಇಪ್ಪತ್ತೈದು ಫ್ರಾಂಕು.
ಮುಳ್ಳು ತುಸು ನಡುಗಿ ನಿಲ್ಲುತ್ತದೆ.
ಒಳಗಿರುವುದು ಎಲುಬೋ, ಬೊಜ್ಜೋ, ನಿನ್ನೆಯ ಅನ್ನವೋ
ಅದು ಕೇಳುವುದಿಲ್ಲ. ನಾನೂ ಕೇಳುತ್ತಿರಲಿಲ್ಲ.

ಶುಕ್ರವಾರ ನಮಾಜು ಮುಗಿದ ಮೇಲೆ ಲತೀರ್ ಬರುತ್ತಿದ್ದ,
ಕಂಕುಳಲ್ಲಿ ಕೂಸಿನಂತೆ ಒಂದು ಡಬ್ಬಿ.
ಡಬ್ಬಿಯ ಮೇಲೆ ಗೂಳಿ, ಗೂಳಿಗೆ ಮನುಷ್ಯನ ರಟ್ಟೆ.
ಬೆಲೆ ಹದಿನೆಂಟು ಸಾವಿರ. ಅವನವ್ವ ಯಾಂದೆ
ಹದಿನೈದು ದಿನ ಕಣ್ಣುಜ್ಜಿಕೊಂಡು ಹೊಗೆ ಕುಡಿದರೆ ಅಷ್ಟಾಗುತ್ತದೆ.

ಎಪ್ಪತ್ತೊಂದು.
ಎಪ್ಪತ್ತನಾಲ್ಕು.
ಎಪ್ಪತ್ತೊಂಬತ್ತಾದಾಗ ನನ್ನನ್ನೇ ಎತ್ತಿ ಒಂದು ಸುತ್ತು ತಿರುಗಿಸಿದ.
ಎಂಬತ್ತಮೂರು ಅಂದ ದಿನ ಇಡೀ ದಂಡೆಗೆ ಕೂಗಿ ಹೇಳಿದ.
‘ಭಾರ ಇದ್ದವನನ್ನು ಮರಳಿಗೆ ಕೆಡವೋದು ಕಷ್ಟ, ಚಿಕ್ಕಪ್ಪ.’
ಹೌದು. ಸುಳ್ಳಲ್ಲ.

ಅವನು ಅಂಗಿ ಹಾಕಿಕೊಳ್ಳುವಾಗ ಡಬ್ಬಿ ತಿರುಗಿಸಿ ಓದಿದೆ.
ಮೊದಲ ಹೆಸರು ಸಕ್ಕರೆಯ ದಾಯಾದಿ,
ಎರಡನೆಯದು ಸಕ್ಕರೆಯೇ.
ಹಾಲಿನ ಸತ್ವ ಮೂರನೇ ಸಾಲಲ್ಲಿ ನಿಂತಿತ್ತು,
ಕರೆಯದೆ ಬಂದ ನೆಂಟನ ಹಾಗೆ.

ಆಮೇಲೆ ಕಣ್ಣಿಗೆ ಬಿದ್ದದ್ದು ತಾಯಿತ.
ರಟ್ಟೆಗೊಂದು, ಸೊಂಟಕ್ಕೊಂದು, ತೊಗಲಿನ ದಾರದಲ್ಲಿ.
ಸೊಂಟದ ದಾರ ಎರಡು ಸಲ ಬಿಚ್ಚಿ ಉದ್ದ ಮಾಡಿ ಕಟ್ಟಿದ್ದು.
ರಟ್ಟೆಯದು ಹಳೇ ಗಂಟು, ಬೆವರಿಗೆ ಕಪ್ಪಾದದ್ದು,
ಕಿರುಬೆರಳು ಇನ್ನೂ ಸಲೀಸಾಗಿ ಒಳಗೆ ಹೋಗುತ್ತಿತ್ತು.
ದೋಣಿ ಎಳೆಯುವುದನ್ನು ಬಿಟ್ಟಿದ್ದನಂತೆ.
‘ಎಳೆದರೆ ಕುಡಿದದ್ದೆಲ್ಲ ಕರಗಿಹೋಗುತ್ತೆ.’

ಬೀರಾಮನದು ಬೇರೆ ಕತೆ, ಹೇಳದಿದ್ದರೆ ತಪ್ಪಾಗುತ್ತದೆ.
ಕಡ್ಡಿ ಹುಡುಗ. ಬೆಳಗಿಂದ ಸಂಜೆ ಹಗ್ಗ ಎಳೆದು
ಗರಡಿಯಲ್ಲಿ ಮರಳು ತಿಂದು ಬಂದರೆ
ತಟ್ಟೆಯ ಮುಂದೆ ತೂಕಡಿಸುತ್ತಿದ್ದ, ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.
ಅದೇ ಗೂಳಿ, ಅದೇ ಪುಡಿ. ಆರು ತಿಂಗಳಲ್ಲಿ
ಅವನ ಬೆನ್ನು ಬಾಗಿಲಿನಷ್ಟು ಅಗಲವಾಯಿತು.
ಪುಡಿ ಸೌದೆ, ಅಷ್ಟೆ. ಒಲೆ ಹೊತ್ತಿದ್ದರೆ ಉರಿಯುತ್ತದೆ,
ಇಲ್ಲದಿದ್ದರೆ ಮೂಲೆಯಲ್ಲಿ ಪೇರಿಸಿಕೊಂಡು ಕೂರುತ್ತದೆ.

ಮಳೆಗಾಲದಲ್ಲಿ ಮೀನು ಬರಲಿಲ್ಲ, ಹೊಗೆ ಏಳಲಿಲ್ಲ,
ಡಬ್ಬಿ ಬರಲಿಲ್ಲ. ಲತೀರ್ ಮತ್ತೆ ಹಗ್ಗ ಹಿಡಿದ.
ರಾತ್ರಿ ಯಾಂದೆಯ ಸಜ್ಜೆ ಗಂಜಿ, ಮೇಲೆ ಹುಳಿ ಮೊಸರು,
ಬೆಳಗ್ಗೆ ಮಿಕ್ಕ ಗಂಜಿ, ಒಣಮೀನು, ಕಡಲೆಕಾಯಿ.
ನಾಲ್ಕು ತಿಂಗಳು ನನ್ನ ಕಡೆ ತಲೆ ಹಾಕಲಿಲ್ಲ,
ಇಳಿದದ್ದನ್ನು ನೋಡಲು ದುಡ್ಡು ಯಾಕೆ ಕೊಡಬೇಕು ಅಂತ.

ಈಗ ನನ್ನ ಮಾತು.
ಯಂತ್ರದ ಹೊಟ್ಟೆಯಲ್ಲಿ ಒಂದು ತಿರುಪು ಇದೆ.
ಗರಡಿ ಹುಡುಗರು ಹತ್ತಿದಾಗ ಬೆರಳಲ್ಲಿ ತುಸು ಬಲಕ್ಕೆ,
ಮದುವೆಗೆ ಮುಂಚೆ ಬರುವ ಹೆಣ್ಣುಮಕ್ಕಳಿಗೆ ಎಡಕ್ಕೆ.
ಒಂದು ಕಿಲೋ, ಹೆಚ್ಚಿಲ್ಲ.
ನಕ್ಕುಕೊಂಡು ಇಳಿಯುತ್ತಾರೆ, ಮುಂದಿನ ವಾರ ಬರುತ್ತಾರೆ.
ಹನ್ನೆರಡು ವರ್ಷದಿಂದ ನನ್ನ ಗಂಜಿ ಬೆಂದದ್ದು ಹಾಗೆ.
ಗೂಳಿ ಡಬ್ಬಿಯವನನ್ನು ಬೈಯಲು ಬಾಯಿ ತೆರೆದು
ಮುಚ್ಚಿಕೊಂಡದ್ದು ಅದಕ್ಕೇ.

ಮೊನ್ನೆ ಬಂದ. ಹತ್ತಿದ. ತಿರುಪು ಮುಟ್ಟಲಿಲ್ಲ.
‘ಎಷ್ಟು?’
ಎಪ್ಪತ್ತೆಂಟು ಅಂದೆ. ಅವನ ಮುಖ ಬಾಡಿತು.
ರಟ್ಟೆಯ ದಾರ ಕಿತ್ತುಹೋಗಿತ್ತು, ಹೊಸದು ಕಟ್ಟಿದ್ದ,
ಅದೂ ಮಾಂಸದಲ್ಲಿ ಹೂತಿತ್ತು.
ತೋರಿಸಿದೆ. ನೋಡಿಕೊಂಡ. ಹ್ಞೂಂ ಅನ್ನಲಿಲ್ಲ.
ದುಡ್ಡು ಕೊಡದೆ ಇಳಿದು ಹೋದ.

ಭಾನುವಾರದ ಕುಸ್ತಿಯಲ್ಲಿ ಸೋತ.
ಎದುರಾಳಿ ನೂರಾ ಹತ್ತು ಕಿಲೋ,
ಯಾರ ಯಂತ್ರದಲ್ಲಿ ತೂಗಿದ್ದೋ ಗೊತ್ತಿಲ್ಲ.